ಬಾಬಿನ್‌ಗಳ ಕೆಳಗಿನ ದ್ವೀಪ

ಅಮ್ಮನ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ದಾರ ಸುತ್ತಿದ ಬಾಬಿನ್‌ಗಳ ಕೆಳಗೆ, ಅವನಿಗೆ ಒಂದು ದ್ವೀಪ ಸಿಕ್ಕಿತು.

ಪ್ರವಾಸದ ಜಾಹೀರಾತಿನ ಬಣ್ಣದ ಕಾಗದ. ನೀಲಿ ನೀರು, ಬಿಳಿ ಮರಳು, ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಕೋಣೆಗಳು. ಅಂಚಿನಲ್ಲಿ ಅಮ್ಮನ ದುಂಡು ಅಕ್ಷರ: 'ಹತ್ತು ದಿನ. ಒಬ್ಬಳಿಗೆ. ಹಲಾಲ್ ಊಟ ಖಚಿತ ಮಾಡಿಕೊಳ್ಳಬೇಕು. ಸುತ್ತಾಟ ಬೇಡ, ಸುಮ್ಮನೆ ಇರುವುದು.'

ಅವನು ಎರಡು ಸಲ ಓದಿದ. ಅರವತ್ತೆಂಟರ ಹೆಂಗಸು, ಮಂಡಿನೋವು, ಹೊಟ್ಟೆಹುಣ್ಣು. ಬೀದಿಯ ತುದಿಯ ಔಷಧಿ ಅಂಗಡಿಗೂ ಒಬ್ಬಳೇ ಹೋದವಳಲ್ಲ. ಸುಮ್ಮನೆ ಇರುವುದಕ್ಕೆ ಸಮುದ್ರದ ನಡುವೆ ಹೋಗಬೇಕೆ?

"ಏನಮ್ಮಾ ಇದು?"

ಅಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಳು. ತಲೆಯೆತ್ತಲಿಲ್ಲ. "ಓದೋಕೆ ಬರುತ್ತಲ್ಲ ನಿನಗೆ."

"ಒಬ್ಬಳಿಗೆ ಅಂತ ಬರೆದಿದೆ!"

"ಹೌದು, ಒಬ್ಬಳಿಗೇ. ಜೊತೆಗೆ ಯಾರಾದ್ರೂ ಬಂದ್ರೆ ಅವರ ಊಟ, ಅವರ ಬಟ್ಟೆ, ಅವರ ಸಿಡುಕು ಎಲ್ಲ ನೋಡ್ಕೋಬೇಕು. ಅದಕ್ಕೆ ಮನೆಯೇ ಸಾಕಲ್ಲ."

"ಜನ ಏನಂತಾರೆ?"

"ಜನರ ಬಾಯಿ ಹೊಲಿಯೋ ಸೂಜಿ ನನ್ನ ಹತ್ತಿರ ಇಲ್ಲ ಕಣೋ. ಇದ್ದಿದ್ರೆ ನಿನ್ನಿಂದಲೇ ಶುರು ಮಾಡ್ತಿದ್ದೆ."

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಡತಿ ಕೆಮ್ಮಿದಳು. ನಗು ನುಂಗಿದ್ದಿರಬೇಕು.

ಅವನಿಗೆ ಕೋಪಕ್ಕಿಂತ ಭಯವೇ ಹೆಚ್ಚಾಗಿತ್ತು. ಅಪ್ಪ ಹೋದ ಮೇಲೆ ಅಂಗಡಿ ಉಳಿದುಕೊಂಡಿದ್ದೇ ಅಮ್ಮನಿಂದ. ಹೆಂಗಸರ ಉಡುಪಿನಂಗಡಿ, ಪರದೆಯ ಹಿಂದೆ ಅಮ್ಮ ಅಳತೆ ತೆಗೆದು ಚೀಟಿ ಹೊರಗೆ ಚಾಚುತ್ತಾಳೆ, ಅವನು ಕತ್ತರಿಸುತ್ತಾನೆ. ಚೀಟಿಯಲ್ಲಿ ಹೆಸರಿಲ್ಲ, ಬರೀ ಅಂಕಿ. ಹೀಗೆ ಅಂಕಿ ನೋಡಿ ನೋಡಿ ಅವನ ಕಣ್ಣು ಎಷ್ಟು ಪಳಗಿತ್ತೆಂದರೆ, ಮೆಟ್ಟಿಲು ಹತ್ತಿ ಬರುವ ಯಾರದೇ ಭುಜದ ಅಳತೆಯನ್ನು ಟೇಪು ಮುಟ್ಟದೆ ಹೇಳಬಲ್ಲ. ಅದೊಂದು ಜಂಬ ಅವನಿಗೆ.

ಮಾತಿನಲ್ಲಿ ಅಮ್ಮನನ್ನು ಗೆಲ್ಲಲಾಗದೆಂದು ಗೊತ್ತಿದ್ದವನು ಊಟದ ದಾರಿ ಹಿಡಿದ. ದ್ವೀಪದ ವಸತಿಗೃಹಕ್ಕೆ ತಾನೇ ಫೋನ್ ಹಚ್ಚಿದ. ಹಲಾಲ್ ಅಂತ ಬೋರ್ಡು ಹಾಕಿ ಒಳಗೆ ಏನೇನೋ ಬೇಯಿಸುವವರ ಬಣ್ಣ ಬಯಲು ಮಾಡುವ ಹುಮ್ಮಸ್ಸು. ಆ ಕಡೆಯಿಂದ ಮಾತಾಡಿದವನು ಅಡುಗೆಯವನೇ.

"ನಿಮ್ಮನೆಯವರು ಆಗಲೇ ಮೂರು ಸಲ ಕೇಳಿದ್ದಾರೆ ಸ್ವಾಮಿ. ಮಾಂಸ ಕಡಿಯೋರು ನಮ್ಮವರೇ. ಚಾಕು ಬೇರೆ, ಎಣ್ಣೆ ಬೇರೆ, ಪಾತ್ರೆ ಬೇರೆ. ಸಾರಿಗೆ ವೈನು ಗೀನು ಹಾಕೋದೇ ಇಲ್ಲ. ದಿನಾ ಸೀಗಡಿ, ಖಾರ ಮಾತ್ರ ಕಣ್ಣಲ್ಲಿ ನೀರು ಬರೋ ಹಾಗಿರಬೇಕು ಅಂತ ಬರೆಸಿದ್ದಾರೆ. ಎಲ್ಲ ನೆನಪಿದೆ."

ಫೋನ್ ಇಟ್ಟವನೇ ಅಮ್ಮನ ಮೇಲೆ ಹರಿಹಾಯ್ದ. "ಹೊಟ್ಟೆಹುಣ್ಣು ಇಟ್ಕೊಂಡು ಖಾರ ಕೇಳ್ತೀಯಲ್ಲ! ಇಪ್ಪತ್ತು ವರ್ಷದಿಂದ ಈ ಮನೇಲಿ ಸಪ್ಪೆ ಅಡುಗೆ ನಡೀತಿರೋದು ಯಾರಿಗೋಸ್ಕರ?"

"ಗೊತ್ತಿದೆ. ಅದನ್ನ ಬಾಯಿಮುಚ್ಚಿ ತಿಂದೋರೂ ಇದ್ದಾರೆ."

"ಕೋಣೆಗೆ ಏಣಿ ಹತ್ತಬೇಕಂತೆ. ಮಂಡಿ?"

"ನನ್ನ ಮಂಡಿ ಎಲ್ಲೂ ಹೋಗಲ್ಲ, ಬಿಡು."

ಮರುದಿನ ಪರದೆಯ ಹಿಂದಿನಿಂದ ಒಂದು ಚೀಟಿ ಬಂತು. ಜೊತೆಗೆ ಹಸಿರು ಈಜುಡುಪಿನ ಬಟ್ಟೆ. ಕತ್ತಿನಿಂದ ಪಾದದವರೆಗೆ ಮುಚ್ಚುವಂಥದ್ದು. ಭುಜ ಹದಿನಾಲ್ಕು, ಎದೆ ಮೂವತ್ನಾಲ್ಕು. ಅವನ ಕತ್ತರಿ ನಿಂತಿತು.

"ಇಷ್ಟು ಇಳಿದಿದ್ದೀಯಾ ಅಮ್ಮಾ? ಸಕ್ಕರೆ ಕಾಯಿಲೆ ಪರೀಕ್ಷೆ ಮಾಡಿಸೋಣ."

"ಸೊರಗಿದ್ದು ನಿಜ," ಎಂದಿತು ಪರದೆಯ ಹಿಂದಿನ ದನಿ. "ನೋಡೋರು ನೋಡಬೇಕಿತ್ತು."

ಆ ಮಾತು ಅವನಿಗೆ ನಾಟಿತು. ಸದಾ ಶಾಲು ಹೊದ್ದು ಕೂರುವ ತಾಯಿ ಒಳಗೊಳಗೇ ಕರಗುತ್ತಿದ್ದರೂ ತನಗೆ ಗೊತ್ತಾಗಲಿಲ್ಲವೆಂದು ಕಣ್ಣು ತುಂಬಿತು. ಒಂದು ನೂಲು ಆಚೀಚೆಯಾಗದಂತೆ ಬಟ್ಟೆ ಕತ್ತರಿಸಿದ.

ಸಂಜೆ ಊಟದ ಮೇಜಿನ ಮುಂದೆ ಅವನೇ ಸೋತು ಮಾತು ತೆಗೆದ. "ಆಯ್ತಮ್ಮಾ. ನನ್ನದೇನೂ ಅಡ್ಡಿಯಿಲ್ಲ."

"ಹಾಗಲ್ಲ. ಬಿಡಿಸಿ ಹೇಳು. ನಿನ್ನ ಹೆಂಡತಿ ಎದುರಿಗೇ ಹೇಳು. ಈ ಮನೆಯ ಹೆಂಗಸು ಒಬ್ಬಳೇ ಹೋಗಿ, ಹತ್ತು ದಿನ ಕಾಲು ಚಾಚಿ ಕೂತು ಬರೋದಕ್ಕೆ ನಿನ್ನ ಒಪ್ಪಿಗೆ ಇದೆಯೋ ಇಲ್ಲವೋ? ನಾನು ಮದುವೆಯಾದ ಹೊಸದರಲ್ಲಿ ಸಮುದ್ರ ನೋಡಬೇಕು ಅಂದೆ. ನಿಮ್ಮಪ್ಪ ಬೇಡ ಅಂದ್ರು, ನಾನು ಹೂಂ ಅಂದೆ. ಆ ಹೂಂ ಈ ಮನೇಲಿ ಇನ್ನು ಯಾರ ಬಾಯಲ್ಲೂ ಬರಕೂಡದು."

"ಇದೆಯಮ್ಮಾ, ಮನಸಾರೆ ಇದೆ. ಮಾತು ಕೊಟ್ಟೆ." ಉದಾರತೆ ಉಕ್ಕಿ ಬಂದು ಹೆಂಡತಿಯ ಕಡೆ ತಿರುಗಿದ. "ಮನೆಗೇನು, ಇವಳಿದ್ದಾಳಲ್ಲ. ಹತ್ತು ದಿನ ತಾನೇ, ನಿಭಾಯಿಸ್ತೀಯಲ್ಲ?"

ಬಡಿಸುತ್ತಿದ್ದ ಸೌಟು ಗಾಳಿಯಲ್ಲಿ ನಿಂತಿತು.

"ಹತ್ತು ದಿನ ತಾನೇ," ಎಂದಳು ಹೆಂಡತಿ. "ನಿಭಾಯಿಸ್ತೀನಿ."

ಹೊರಡುವ ಬೆಳಿಗ್ಗೆ ಟ್ಯಾಕ್ಸಿ ಹಾರ್ನ್ ಹೊಡೆಯಿತು. ಅವನೇ ಪೆಟ್ಟಿಗೆ ಹೊತ್ತು ಡಿಕ್ಕಿಗಿಟ್ಟ. ಅಮ್ಮನ ಹೊಟ್ಟೆಹುಣ್ಣಿನ ಮಾತ್ರೆಗಳನ್ನು ಪಕ್ಕದ ಜೇಬಿಗೆ ತುರುಕಿದ. ಮೆಟ್ಟಿಲು ಹತ್ತಿ ಬಂದರೆ ಅಮ್ಮ ಬಾಗಿಲ ಪಕ್ಕದ ಕುರ್ಚಿಯಲ್ಲಿ, ಹಳೆಯ ಶಾಲಿನಲ್ಲಿ, ಬರಿಗಾಲಿನಲ್ಲಿ ಕೂತೇ ಇದ್ದಾಳೆ. ಕೈಯಲ್ಲಿ ಈರುಳ್ಳಿ, ಚಾಕು.

"ಏಳಮ್ಮಾ, ಹಡಗು ತಪ್ಪುತ್ತೆ!"

"ಕೊಟ್ಟ ಮಾತು ನೆನಪಿದೆ ತಾನೇ?"

"ಇದೆಯಮ್ಮಾ."

"ಹಾಗಾದ್ರೆ ದಾರಿ ಬಿಡು."

ಒಳಗಿನಿಂದ ಕೈಚೀಲ ಹಿಡಿದು ಹೊರಬಂದವಳ ಭುಜ ಸರಿಯಾಗಿ ಹದಿನಾಲ್ಕು ಇಂಚು. ಮದುವೆಯಾದ ಹನ್ನೆರಡು ವರ್ಷಗಳಲ್ಲಿ ಅವನು ತನ್ನ ಹೆಂಡತಿಯನ್ನು ಅಳೆದು ನೋಡಿದ್ದು ಅದೇ ಮೊದಲು.