ಕೆರೆಗೆ ಮಣ್ಣು ಹೊತ್ತವರು

ಹಳೆಯ ಕಾಗದ ಒಂದೇ ಓದಿಗೆ ದಕ್ಕುತ್ತದೆ; ಕಣ್ಣು ಹಾಯ್ದಂತೆಲ್ಲ ಅಕ್ಷರ ಅಳಿಸಿಹೋಗುತ್ತದೆ. ಅದಕ್ಕೇ ದಾಖಲೆ ಕೋಣೆಯಲ್ಲಿ ಇತಿಹಾಸದ ವಿದ್ಯಾರ್ಥಿಗಳು ಜೋಡಿಯಾಗಿ ಕೂರುತ್ತಾರೆ. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಬರೆದುಕೊಳ್ಳಬೇಕು.

ಆ ದಿನ ವಾರಿಜಾಳ ಕೈಗೆ ಬಂದದ್ದು ಅವಳೂರಿನ ಕೆರೆಗೆ ಮಣ್ಣು ಹೊತ್ತ ಹೆಂಗಸರ ಪಟ್ಟಿ. ಮೂವತ್ತು ಹೆಸರು, ಬೇರೆ ಪ್ರತಿಯಿಲ್ಲ. ನಸೀಮಾ ಪೆನ್ನು ಹಿಡಿದು ಕಾದಳು. ವಾರಿಜಾಳ ತುಟಿ ಅಲುಗಲೇ ಇಲ್ಲ. ಕಣ್ಣು ಮಾತ್ರ ಸರಸರನೆ ಕೆಳಗಿಳಿಯಿತು.

"ಜೋರಾಗಿ ಓದೇ!" ಎಂದು ನಸೀಮಾ ಕೂಗುವಷ್ಟರಲ್ಲಿ ಹಾಳೆ ಬೆಳ್ಳಗಾಗಿತ್ತು.

ಮೇಷ್ಟ್ರು ಹನುಮಂತರಾಯಪ್ಪ ಬೈಯಲಿಲ್ಲ. "ಜ್ಞಾಪಕ ಇರೋದನ್ನ ಹೇಳಮ್ಮ, ಬರ್ಕೊಳ್ಳೋಣ."

"ಈರಕ್ಕ," ಎಂದಳು ವಾರಿಜಾ. "ನಮ್ಮ ಮುತ್ತಜ್ಜಿ, ಸಾರ್."

"ಮಿಕ್ಕೋರು?"

ಅವಳು ತಲೆ ತಗ್ಗಿಸಿದಳು. "ನಾನು ಅವಳೊಬ್ಬಳನ್ನೇ ಹುಡುಕ್ದೆ, ಸಾರ್."