ಹೊಂಡಕ್ಕೆ ಜಾಗ

ಮಳೆ ಜೋರಾದರೆ ಸಾಕು, ಮಠದ ಬೀದಿಯ ಮನೆಗಳಿಗೆ ಮೊಣಕಾಲುದ್ದ ನೀರು ನುಗ್ಗುತ್ತಿತ್ತು. ಆ ನೀರು ಹರಿದುಹೋಗಿ ನಿಲ್ಲಲು ಒಂದು ಹೊಂಡ, ಅದರ ಸುತ್ತ ಒಂದು ಪಾರ್ಕು ಎಂದು ಪುರಸಭೆಯವರು ಬಜೆಟ್ಟಿನಲ್ಲಿ ದುಡ್ಡನ್ನೂ ಇಟ್ಟರು. ಆದರೆ ತಗ್ಗಿನಲ್ಲಿದ್ದದ್ದು ಕೇರಿಯ ಮುದ್ದಯ್ಯನ ಹೊಲ ಒಂದೇ. ಮೂರು ಸಲ ಹೋದ ಅಧಿಕಾರಿಗಳನ್ನು ಅವನು ಬರಿಗೈಲಿ ಕಳಿಸಿದ್ದ.

"ಓಟಿಗಾದ್ರೆ ಕೇರಿಗೆ ಹೋಗ್ತೀರಿ, ಇದಕ್ಕೆ ಹೋಗೋಕೇನು?" ಎಂದು ಹೆಂಡತಿ ಚುಚ್ಚಿದ ಮೇಲೆ ವಾರ್ಡಿನ ಸದಸ್ಯ ರುದ್ರಾರಾಧ್ಯರು ಸಂಕೋಚ ನುಂಗಿಕೊಂಡು ಹೊರಟರು. ಮುದುಕನಿಗೆ ದುಡ್ಡಿನಾಸೆ, ಬೆಲೆ ಏರಿಸಿದರೆ ಬಗ್ಗುತ್ತಾನೆ ಎಂಬುದು ಅವರ ಲೆಕ್ಕ.

ಮುದ್ದಯ್ಯ ಜಗಲಿಯಿಂದ ಏಳಲಿಲ್ಲ. ಆರಾಧ್ಯರು ಅಂಗಳದಲ್ಲೇ ನಿಂತು, "ಜಾಗ ಕೊಡು ಮುದ್ದಯ್ಯ. ರೇಟು ನೀನೇ ಹೇಳು," ಎಂದರು.

"ಸರ್ಕಾರದ ರೇಟೇ ಸಾಕು ಬುದ್ಧಿ. ಕೊಟ್ಟೆ ಅಂತ ಬರ್ಕೊಳ್ಳಿ."

ಆರಾಧ್ಯರು ತಬ್ಬಿಬ್ಬಾದರು. "ಮತ್ತೆ ಆಫೀಸಿನೋರ್ನ ಯಾಕಯ್ಯ ಸತಾಯಿಸಿದೆ?"

"ನೀವೇ ಬರ್ಲಿ ಅಂತ. ಬರಗಾಲದ ವರ್ಷ ನಮ್ಮವ್ವ ಖಾಲಿ ಕೊಡ ಹಿಡ್ಕೊಂಡು ನಿಮ್ಮ ಬಾವಿ ಹತ್ರ ಸಂಜೆಗಂಟ ನಿಂತಿದ್ಲು. ನಾವು ಬಾವಿ ಮುಟ್ಟಂಗಿರ್ಲಿಲ್ಲ, ನಿಮ್ಮೋರೇ ಸೇದಿ ಹುಯ್ಯಬೇಕಿತ್ತು. ನೀವಾಗ ನನ್ನಷ್ಟೇ ಹುಡುಗ್ರು. ಹಗ್ಗ ನಿಮ್ಮ ಕೈಲೇ ಇತ್ತು."

ಆರಾಧ್ಯರ ತಲೆ ತಗ್ಗಿತು. ಬಾಯಿ ಒಡೆದ ಆ ಕೊಡವೂ, ತಾವು ಮುಖ ತಿರುಗಿಸಿಕೊಂಡದ್ದೂ ಅವರಿಗೆ ಚೆನ್ನಾಗಿಯೇ ನೆನಪಿತ್ತು.

ಮುದ್ದಯ್ಯ ತನ್ನ ಪಕ್ಕದ ಜಾಗವನ್ನು ಟವೆಲಿನಿಂದ ಒರೆಸಿದ.

"ನಿಂತಿದ್ದು ಸಾಕು ಬುದ್ಧಿ, ಕುಂತ್ಕಳಿ."