ಎರಡು ಕಿವಿಯ ಗಂಟು

"ನಿನ್ನ ಮಗಳ ಶೂ ದಾರ ಕಟ್ಟೋದು ಹೆಂಗೆ ಅಂತ ಹೇಳಮ್ಮ. ಅಷ್ಟಕ್ಕೇ ಫೋನ್ ಮಾಡ್ದೆ," ಎಂದರು ಅಶ್ವತ್ಥಮ್ಮ, ನಲ್ಲಪ್ಪನ ಅಂಗಡಿಯ ಕಾಯಿನ್ ಬೂತಿನಲ್ಲಿ.

ತೊಂಡೇಬಾವಿಯ ತವರಿನಲ್ಲಿ ಫೋನ್ ಎತ್ತಿಕೊಂಡವಳು ಸೊಸೆ ಜ್ಯೋತಿಲಕ್ಷ್ಮಿ. ಗಂಡ ಜಗನ್ ಆಡಿದ ಒಂದು ಮಾತಿಗೆ ಅವಳು ಮನೆ ಬಿಟ್ಟು ಎರಡು ತಿಂಗಳಾಗಿತ್ತು. ಶಾಲೆ ತಪ್ಪಬಾರದೆಂದು ಮಗಳನ್ನು ಶಿಡ್ಲಘಟ್ಟದಲ್ಲೇ ಬಿಟ್ಟಿದ್ದಳು. ಮಗ ಹೋಗಿ ಕರೆಯುವವನಲ್ಲ, ಸೊಸೆ ಕರೆಯದೆ ಬರುವವಳಲ್ಲ. ನಡುವೆ ಬಾಯಿ ಬಿಡಲು ಅಶ್ವತ್ಥಮ್ಮನಿಗೆ ಇವತ್ತಿನವರೆಗೆ ಒಂದು ನೆಪವೂ ಸಿಕ್ಕಿರಲಿಲ್ಲ.

"ಇಷ್ಟು ದಿನ ಯಾರು ಕಟ್ತಿದ್ರು ಅತ್ತೆ?"

"ನಾನೇ. ನನ್ನ ಕೈ ಗೊತ್ತಲ್ಲ ನಿಂಗೆ."

ಮೂವತ್ತು ವರ್ಷ ರೇಷ್ಮೆ ನೂಲು ತೆಗೆಯುವ ಫಿಲೇಚರ್ ಕಾರ್ಖಾನೆಯಲ್ಲಿ ಎಳೆ ತುಂಡಾದಾಗಲೆಲ್ಲ ಗಂಟು ಹಾಕಿದ ಕೈ ಅದು. ಅಲ್ಲಿ ಹಾಕಿದ ಗಂಟು ಬಿಚ್ಚುವ ಹಾಗಿಲ್ಲ. ಶೂ ದಾರಕ್ಕೂ ಬೆರಳುಗಳು ಅದೇ ಗಂಟನ್ನೇ ಹಾಕಿಬಿಡುತ್ತಿದ್ದವು. ಸಂಜೆ ಶೂ ಕಳಚಬೇಕೆಂದರೆ ಬ್ಲೇಡಿನಿಂದ ಕೊಯ್ಯಬೇಕು. ಹಾಗೇ ಎಷ್ಟೋ ಜೊತೆ ದಾರ ಮುಗಿದು, ನಿನ್ನೆ ಮತ್ತೊಂದು ಹೊಸ ಜೊತೆ ಬಂದಿತ್ತು.

"ಸರಿ, ಹೇಳ್ತೀನಿ. ಎರಡು ಕೈಯೂ ಬೇಕಾಗುತ್ತೆ," ಎಂದಳು ಸೊಸೆ.

ಆರು ವರ್ಷದ ತನುಜ ಅಂಗಡಿ ಜಗಲಿಯ ಮೇಲೆ ಕೂತು ಬಲಗಾಲು ಚಾಚಿದಳು. ರಿಸೀವರನ್ನು ತಾನೇ ಹಿಡಿದು ಅಜ್ಜಿಯ ಕಿವಿಗೊತ್ತಿ, ಪಕ್ಕದಲ್ಲೇ ತನ್ನ ಕಿವಿಯನ್ನೂ ತೂರಿಸಿದಳು.

"ಏನಕ್ಕಾ, ಫೋನಲ್ಲೇ ಇಸ್ಕೂಲಾ?" ನಲ್ಲಪ್ಪ ನಕ್ಕ.

"ನಿನ್ನ ಬಾಯಿಗೂ ಒಂದು ಗಂಟು ಹಾಕ್ತೀನಿ ನೋಡು, ಆಮೇಲೆ ಬ್ಲೇಡೇ ಬೇಕಾಗ್ತದೆ," ಎಂದು ಗದರಿದ ಅಶ್ವತ್ಥಮ್ಮ ದಾರ ಹಿಡಿದರು.

"ಒಂದ್ಸಲ ಅಡ್ಡ ಹಾಕಿ ಎಳೀರಿ. ಆಯ್ತಾ? ಈಗ ಒಂದು ಕಡೆ ಮಡಚಿ ಕಿವಿ ಮಾಡ್ಕೊಳ್ಳಿ, ಮೇಕೆ ಕಿವಿ ತರ. ಇನ್ನೊಂದು ದಾರಾನ ಅದರ ಸುತ್ತ ತಂದು ಸಂದಿಯಿಂದ ಎರಡನೇ ಕಿವಿ ಎಳೀರಿ. ಬಿಗಿ ಬೇಡ ಅತ್ತೆ, ಅವಳಿಗೆ ಕಿರುಬೆರಳು ಒತ್ತುತ್ತೆ." ದನಿ ತಗ್ಗಿತು. "ಊಟ ಮಾಡ್ತಾಳಾ?"

"ಮಾಡ್ತಾಳೆ. ಮೊಸರನ್ನ ಮಾತ್ರ ಮುಟ್ಟಲ್ಲ."

"ಮೊಸರು ಹುಳಿ ಬಂದಿರುತ್ತೆ, ಅದಕ್ಕೇ."

ಅಷ್ಟರಲ್ಲಿ ಶೂ ಮೇಲೆ ಎರಡು ಕಿವಿಗಳೂ ಒಂದೇ ಸಮ ಕೂತಿದ್ದವು. ಅಶ್ವತ್ಥಮ್ಮನಿಗೆ ತಮ್ಮ ಕೈಯನ್ನೇ ನಂಬಲಾಗಲಿಲ್ಲ. ಹಿಗ್ಗು ಬಾಯಿತನಕ ಬಂತು, ಹಿಂದೆಯೇ ಇನ್ನೊಂದು ಯೋಚನೆಯೂ ಬಂತು. ಇದೂ ಬಂದುಬಿಟ್ಟರೆ ನಾಳೆ ಏನೆಂದು ಫೋನ್ ಮಾಡುವುದು?

"ಬಂತಾ ಅತ್ತೆ?"

ಅವರು ಉತ್ತರ ಹುಡುಕುತ್ತ ಮೊಮ್ಮಗಳತ್ತ ನೋಡಿದರು. ತನುಜ ಆ ಗಂಟನ್ನೇ ದಿಟ್ಟಿಸುತ್ತಿದ್ದಳು. ಬಿಡುವಾಗಿದ್ದ ಕೈಯನ್ನು ಮೆಲ್ಲಗೆ ಚಾಚಿ, ದಾರದ ತುದಿ ಹಿಡಿದು, ಸರ್ರನೆ ಎಳೆದುಬಿಟ್ಟಳು.

"ಇಲ್ಲಮ್ಮಾ. ಅಜ್ಜಿಗೆ ಬರ್ತಾನೇ ಇಲ್ಲ," ಎಂದಳು ರಿಸೀವರಿಗೆ.

ಆ ಕಡೆ ಉಸಿರೆಳೆದುಕೊಂಡ ಸದ್ದಾಯಿತು.

"ಬರದಿದ್ರೆ ಬಿಡು ಕಣೇ," ಎಂದಳು ಜ್ಯೋತಿಲಕ್ಷ್ಮಿ. "ಮೊದಲಿಂದ ಹೇಳ್ತೀನಿ. ನಿಧಾನಕ್ಕೆ."